ಸಂಕಷ್ಟಿಯ ದಿನ ಟ್ಯಾಂಗೋ

ಮೊನ್ನೆ ಮಂಗಳೂರಿನಿಂದ ಬಂದವರೊಬ್ಬರು ಹೊಸ ವರ್ಷದ ಗೋಡೆ ಕ್ಯಾಲೆಂಡರ್ ತಂದುಕೊಟ್ಟರು. ಸುರುಳಿ ಬಿಚ್ಚಿದರೆ ಘಮ್ಮೆನ್ನುವ ಹಸಿ ಶಾಯಿ. ಒಂದು ತಾರೀಖಿನ ಮನೆಯೊಳಗೆ ಸಣ್ಣ ಅಕ್ಷರದಲ್ಲಿ ಸಂಕಷ್ಟಿ, ಪಕ್ಕದಲ್ಲೇ ಚಂದ್ರೋದಯದ ಹೊತ್ತು. ಓದಿ ಒಬ್ಬಳೇ ನಕ್ಕೆ. ಮಸ್ಕತ್ತಿನ ದಾರ್ಸೈಟಿನಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ಅಕ್ಕ ನೆನಪಾದರು...

ಅಕ್ಕ ಉಡುಪಿ ಕಡೆಯವರು, ಮನೆಮಾತು ತುಳು. ನಾನು ಧಾರವಾಡದವಳು. ಅವರ ಕನ್ನಡಕ್ಕೆ ನಾನು ನಗುವುದು, ನನ್ನದಕ್ಕೆ ಅವರು ನಗುವುದು. ಅವರ ತಂದೆ ಯಕ್ಷಗಾನದ ವೇಷಧಾರಿ. ಅಂಗಳದಲ್ಲಿ ಊರ ಹುಡುಗರಿಗೆಲ್ಲ ಹೆಜ್ಜೆ ಕಲಿಸಿದ ಮಹಾನುಭಾವರು ಮಗಳಿಗೆ ಮಾತ್ರ ಕಲಿಸಲಿಲ್ಲ. ಹೆಣ್ಣು ಕುಣಿಯಬಾರದು, ಅಷ್ಟೇ. ಬಾಗಿಲ ಸಂದಿಯಿಂದ ನೋಡಿ ಕಲಿತದ್ದನ್ನು ಅಕ್ಕ ನನ್ನ ಅಡುಗೆಮನೆಯಲ್ಲಿ, ಚಹಾ ಕುದಿಯುವಷ್ಟು ಹೊತ್ತು ಕುಣಿದು ತೋರಿಸುತ್ತಿದ್ದರು.

"ಒಮ್ಮೆಯಾದ್ರೂ ನಾಲ್ಕು ಜನರೆದುರು ಕುಣಿಬೇಕಿತ್ತು ಮಾರಾಯ್ತಿ. ಇನ್ನೆಂತ, ಐವತ್ತಾಯ್ತು" ಎನ್ನುತ್ತಿದ್ದರು.

ಭಾವನ ಕೆಲಸ ಮುಗಿದು, ವೀಸಾ ರದ್ದಾಗಿ, ಅವರು ಊರಿಗೆ ಹೊರಡಲು ಒಂದೇ ವಾರ ಉಳಿದಿತ್ತು. ಆಗ ನಮ್ಮ ಮನೆಯವರ ಆಫೀಸಿನಿಂದ ಸಮುದ್ರದಂಡೆಯ ಹೋಟೆಲೊಂದರ ಟ್ಯಾಂಗೋ ಶೋಗೆ, ಊಟ ಸಮೇತ, ಎರಡು ಪಾಸ್ ಬಂದವು. ಮನೆಯವರು ಕೆಲಸದ ಮೇಲೆ ಸೊಹಾರಿನಲ್ಲಿದ್ದರು. ನಾನು ನೇರ ಎದುರು ಬಾಗಿಲು ಬಡಿದೆ. ಅಕ್ಕನಿಗೆ ಹಿಗ್ಗೋ ಹಿಗ್ಗು. ಆದರೆ ಅವತ್ತು ಸಂಕಷ್ಟಿ. ಚಂದ್ರನನ್ನು ನೋಡದೆ ತುತ್ತು ಬಾಯಿಗಿಡುವವರಲ್ಲ ಅವರು. ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಿಸಿದರು.

"ಊರಲ್ಲಿ ಒಂಬತ್ತೂವರೆಗೆ. ನಾವು ಒಂದೂವರೆ ಗಂಟೆ ಹಿಂದೆ. ಹಾಗಾದ್ರೆ ಇಲ್ಲಿ ಎಂಟಕ್ಕೇ ಚಂದ್ರ! ಊಟವೂ ಎಂಟಕ್ಕೇ ಅಲ್ವಾ?"

ನನಗೂ ಸರಿಯೆನ್ನಿಸಿತು. ಇಬ್ಬರೂ ಪದವೀಧರೆಯರು ಬೇರೆ!

ಹುಲ್ಲುಹಾಸಿನ ಮೇಲೆ ಮೇಜುಗಳು, ನಡುವೆ ಮರದ ವೇದಿಕೆ. ಹಾರ್ಮೋನಿಯಂ ಜಾತಿಯ ಪೆಟ್ಟಿಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬ ಎಳೆದು ಎಳೆದು ನುಡಿಸುತ್ತಿದ್ದ. ಕೆಂಪು ಉಡುಪಿನ ಹೆಂಗಸು, ಕಪ್ಪು ಕೋಟಿನ ಗಂಡಸು; ನಾಲ್ಕು ಕಾಲುಗಳು ಒಂದಕ್ಕೊಂದು ತಾಗದೆ ಹೇಗೆ ಹೆಣೆದುಕೊಳ್ಳುತ್ತಿದ್ದವೋ! ಅಕ್ಕ ರೆಪ್ಪೆ ಮಿಟುಕಿಸಲಿಲ್ಲ. ಎಂಟಾಯಿತು, ಎಂಟೂಕಾಲಾಯಿತು, ಚಂದ್ರನ ಸುಳಿವಿಲ್ಲ. ಎಲ್ಲರ ಮುಂದೆಯೂ ಊಟ ಬಂತು. ಅವರನ್ನು ಬಿಟ್ಟು ಉಣ್ಣಲು ನನಗೂ ಮನಸ್ಸಾಗಲಿಲ್ಲ. ಆಗ ತಲೆಗೆ ಹೊಳೆಯಿತು.

"ಅಕ್ಕಾ, ಗಡಿಯಾರ ಹಿಂದ ಇದ್ರೇನಾತ್ರಿ? ಚಂದ್ರಗ ಊರಿಂದ ಇಲ್ಲೀತನಕ ಬರಾಕ ಹೊತ್ತು ಬೇಕಲ್ರಿ!"

ಇಬ್ಬರೂ ಹಸಿದ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅಷ್ಟರಲ್ಲಿ ಕಪ್ಪು ಕೋಟಿನವನು ವೇದಿಕೆಯಿಂದಿಳಿದ, ಪ್ರೇಕ್ಷಕರಲ್ಲೊಬ್ಬರನ್ನು ಕುಣಿಯಲು ಕರೆಯಲು. ಎಲ್ಲರ ಕೈಯಲ್ಲೂ ಚಮಚ, ಎಲ್ಲರ ಕಣ್ಣೂ ತಟ್ಟೆಯಲ್ಲಿ. ಖಾಲಿ ಕೈಯವರು ನಾವಿಬ್ಬರೇ. ಅವನು ಬಂದು ಅಕ್ಕನ ಮುಂದೆ ಕೈ ಚಾಚಿದ.

ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡರು. "ಬೇಡ ಮಾರಾಯ್ತಿ. ಊರಿನವರು ಯಾರಾದ್ರೂ ಇದ್ರೆ?"

"ಏಳ್ರಿ ಅಕ್ಕಾ! ಮುಂದಿನ ವಾರ ಯಾರ್ ಕರೀತಾರ ನಿಮ್ಮನ್ನ?"

ಎದ್ದರು! ಚಪ್ಪಲಿ ಮೇಜಿನಡಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟರು. ಮೊದಲು ಎರಡು ಸಲ ಎಡವಿದರು. ಆಮೇಲೆ ಕಿವಿಗೆ ತಾಳ ಸಿಕ್ಕಿತೋ ಏನೋ, ಅವನ ಕೈ ಬಿಟ್ಟು ತಮ್ಮದೇ ಹೆಜ್ಜೆ ಶುರುಮಾಡಿದರು. ಅಪ್ಪನ ಅಂಗಳದ ಹೆಜ್ಜೆ! ಮರದ ಹಲಗೆ ದಡದಡ ಎಂದಿತು. ಅವನು ಹಿಂದೆ ಸರಿದು ಚಪ್ಪಾಳೆಯಲ್ಲಿ ತಾಳ ಹಿಡಿದ, ಪೆಟ್ಟಿಗೆಯವನು ಅಕ್ಕನ ಕಾಲು ನೋಡಿಕೊಂಡು ನುಡಿಸತೊಡಗಿದ. ಪಕ್ಕದ ಮೇಜಿನ ಒಮಾನಿ ಕುಟುಂಬ ಎದ್ದು ನಿಂತು "ಯಲ್ಲಾ! ಯಲ್ಲಾ!" ಎಂದು ಹುರಿದುಂಬಿಸಿತು. ನಾನಂತೂ ಕುರ್ಚಿ ಹತ್ತುವುದೊಂದು ಬಾಕಿ.

ಏದುಸಿರು ಬಿಡುತ್ತಾ ಬಂದು ಕೂತಾಗ ಸಮುದ್ರದ ಮೇಲೆ ಚಂದ್ರ ಗೇಣುದ್ದ ಏರಿದ್ದ. ಅಕ್ಕ ಕೈಮುಗಿದರು, ನೀರು ಕುಡಿದರು. ಆಮೇಲೆ ಮೆಲ್ಲಗೆ, "ಊರಲ್ಲಿ ಯಾರಿಗೂ ಹೇಳ್ಬೇಡ. ಮಗಳಿಗೂ. ಭಾಷೆ ಕೊಡು" ಎಂದರು. ಕೊಟ್ಟೆ.

ಅಕ್ಕ ತೀರಿಕೊಂಡು ಎಂಟು ತಿಂಗಳಾಯಿತು. ಮೊನ್ನೆ ಮನಸ್ಸು ತಡೆಯದೆ ಅವರ ಮಗಳಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡುತ್ತಾ ಅವಳೆಂದಳು, "ನನ್ನ ಮಗಳು ಡ್ಯಾನ್ಸ್ ಕ್ಲಾಸಿಗೆ ಹೋಗ್ತೇನೆ ಅಂತ ಹಟ ಮಾಡ್ತಾಳೆ ಆಂಟಿ. ಬೇಡ ಅಂದಿದ್ದೇನೆ. ಅಮ್ಮನಿಗೆ ಈ ಕುಣಿಯುವುದೆಲ್ಲ ಆಗ್ತಿರಲಿಲ್ಲ ಅಲ್ವಾ?"

ನನ್ನಿಂದ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

"ಅಮ್ಮ ಚಂದ ಕುಣಿದ್ರಾ ಆಂಟಿ?"

"ಎಲ್ಲಾರೂ ಉಣ್ಣೂದ್ ಬಿಟ್ಟು ನೋಡಿದ್ರವ್ವಾ" ಎಂದೆ.

ಕೊಟ್ಟ ಭಾಷೆ ತಪ್ಪಿದ್ದೇನೆ. ಬೈಯಲಿಕ್ಕಾದರೂ ಅಕ್ಕ ಇರಬೇಕಿತ್ತು.