ತಾನಾಗಿಯೇ ಕಟ್ ಆಗುವ ಫೋನು

ಗೆಳೆಯರೇ, ಇವತ್ತು ಬೆಳಿಗ್ಗೆ ಸಿದ್ಧಾರ್ಥನಗರದ ನಮ್ಮ ಬೇಕರಿಯ ಕಾಯಿನ್ ಫೋನ್ ಬಿಚ್ಚುತ್ತಿದ್ದರು. ಪಕ್ಕದ ಮನೆಯ ಗೌರಮ್ಮ ಓಡಿಬಂದು ಅಡ್ಡ ನಿಂತರು. ಕೈಯಲ್ಲಿ ಮೊಬೈಲು!

"ನಿಮ್ಮತ್ರಾನೇ ಮೊಬೈಲ್ ಐತಲ್ಲಮ್ಮ?" ಎಂದ ಬಿಚ್ಚುವವನು.

"ಅದ್ರಲ್ಲಿ ನಮ್ಮ ನಾದಿನಿ ಮಾತು ಮುಗಿಯೋದೇ ಇಲ್ಲ ಕಣಪ್ಪ. ಇದಾದ್ರೆ ಮೂರು ನಿಮಿಷಕ್ಕೆ ತಾನೇ ಕಟ್ ಆಗ್ಬುಡುತ್ತೆ. ನಾನು ಫೋನ್ ಇಟ್ಬುಟ್ಟೆ ಅನ್ನೋ ಮಾತೇ ಬರಲ್ಲ."

ನನಗೆ ಕುತೂಹಲ ತಡೆಯಲಾಗಲಿಲ್ಲ. "ಮತ್ತೆ ಮೊಬೈಲ್ ಯಾಕೆ ತಗೊಂಡ್ರಿ?"

"ನಾನೆಲ್ಲಿ ತಗೊಂಡೆ? ಪದೇ ಪದೇ ಕಟ್ ಆಗುತ್ತೆ ಅಂತ ನಾದಿನೀನೇ ಕೊಡಿಸಿದ್ದು ಕಣ್ರೀ!"

ಫೋನ್ ಹೋಯಿತು, ಗೋಡೆಯಲ್ಲಿ ನಾಲ್ಕು ತೂತು ಉಳಿದವು. ಅಷ್ಟರಲ್ಲಿ ಗೌರಮ್ಮನ ಮೊಬೈಲ್ ಬಡಿದುಕೊಂಡಿತು.

ಮಧ್ಯಾಹ್ನದ ಊಟ ಮುಗಿಸಿ ಇದನ್ನು ಬರೆಯುತ್ತಿದ್ದೇನೆ. ಪಕ್ಕದ ಮನೆಯಿಂದ "ಹೂಂ... ಹೂಂ..." ಇನ್ನೂ ಕೇಳಿಸುತ್ತಿದೆ.