ಎದ್ದರೆ ಮಾತ್ರ ಕರೆದಂತೆ

ಅಮರಪ್ಪನವರ ಗಂಟಲು ಒಂದೇ, ಅದರಿಂದ ಬರುತ್ತಿದ್ದ ದನಿ ಮಾತ್ರ ಊರಿಗೊಂದು. ರಾಯಚೂರು ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ದೇವದುರ್ಗದ ಬಸ್ಸು ಕರೆದರೆ ಮಾತಿನ ಕೊನೆ ಉದ್ದಕ್ಕೆ ಎಳೆಯುತ್ತಿತ್ತು. ಮಾನ್ವಿಯ ಬಸ್ಸಿಗೆ ಅದೇ ಗಂಟಲು ಚುಟುಕಾಗಿ, ಗದರಿದಂತೆ ಕೇಳುತ್ತಿತ್ತು. ಗಿಲ್ಲೆಸುಗೂರಿನ ಬಸ್ಸಿಗೆ ಕನ್ನಡವೇ ತೆಲುಗಿನ ಹಾಗೆ ತೂಗುತ್ತಿತ್ತು. ಆ ಗದ್ದಲದಲ್ಲಿ ಬೋರ್ಡು ಓದಲಾರದ ಮುದುಕಿಯರು ತಮ್ಮೂರಿನ ದನಿ ಕೇಳಿ ತಲೆ ಎತ್ತುತ್ತಿದ್ದರು. ಕರೆದ ಮೇಲೆ ಅಮರಪ್ಪನವರು ಕಿಟಕಿಯಿಂದ ಬಗ್ಗಿ ನೋಡುವರು. ಬೆಂಚಿನವರು ಗಂಟು ಎತ್ತಿಕೊಂಡು ನಿಂತರೆ ಬಾಯಿಗೊಂದು ಲವಂಗ ಹಾಕಿಕೊಂಡು "ಎದ್ರು" ಎನ್ನುವರು. ಏಳದಿದ್ದರೆ ಮತ್ತೆ ಕರೆಯುವರು.

ಮೊಮ್ಮಕ್ಕಳೇ, ಮೊನ್ನೆ ನೀವು ನನ್ನ ಎಳೆದ ಮಾತನ್ನು ಮೊಬೈಲಿನಲ್ಲಿ ಹಿಡಿದು, ಮತ್ತೆ ಮತ್ತೆ ಕೇಳಿ ನಕ್ಕಿರಿ. ನಾನೂ ನಕ್ಕೆ. ಆ ಮಾತಿನಿಂದಲೇ ನಮ್ಮ ಮನೆಯ ಒಲೆ ಉರಿದದ್ದು ಎಂದು ಹೇಳಬೇಕೆನಿಸಿತು. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಅದಕ್ಕೆ ಬರೆಯುತ್ತಿದ್ದೇನೆ.

ಬಸ್ ಡ್ರೈವರ್ ಆಗಿದ್ದ ನಿಮ್ಮ ತಾತ ಕಾಯಿಲೆಯಲ್ಲಿ ತೀರಿಕೊಂಡಾಗ ನಿಮ್ಮ ಅಪ್ಪ ಇನ್ನೂ ಸ್ಲೇಟು ಹಿಡಿಯುವ ಹುಡುಗ. ದೇವದುರ್ಗದ ಕಡೆಯ ನಮ್ಮೂರ ಶಾಲೆಯಲ್ಲಿ ಕಲಿತಿದ್ದ ನನಗೆ ಅನುಕಂಪದ ಮೇಲೆ ನೌಕರಿ ಸಿಕ್ಕಿತು. ಕೂಡಿಸಿದ್ದು ಮೈಕಿನ ಮುಂದೆ, ಕಂಟ್ರೋಲರ್ ಅಮರಪ್ಪನವರ ಪಕ್ಕದಲ್ಲಿ. ಒಂದು ತಿಂಗಳು ನೋಡುತ್ತೇವೆ, ಮೈಕು ಹಿಡಿಯಲಾಗದಿದ್ದರೆ ದೂರದ ಡಿಪೋಕ್ಕೆ ಹೋಗಬೇಕಾದೀತು ಎಂದು ಮೇಲಿನ ಸಾಹೇಬರು ಹೇಳಿದ್ದರು. ಮಗನ ಶಾಲೆ, ನನ್ನ ಅತ್ತೆಯ ಔಷಧಿ ಎಲ್ಲ ರಾಯಚೂರಿನಲ್ಲಿ. ದೂರ ಹೋದರೆ ಮನೆ ಒಡೆದಂತೆಯೇ.

ನನಗೋ ಬಾಯಿ ತೆರೆಯಲು ಭಯ. ನನ್ನ ಎಳೆದ ಮಾತಿಗೆ ಓಣಿಯ ಹೆಂಗಸರು ನಗುತ್ತಿದ್ದರು. ಆದ್ದರಿಂದ ಶಾಲೆಯಲ್ಲಿ ಪಾಠ ಒಪ್ಪಿಸಿದಂತೆ, "ಪ್ರಯಾಣಿಕರ ಗಮನಕ್ಕೆ, ದೇವದುರ್ಗಕ್ಕೆ ಹೊರಡುವ ವಾಹನವು ಸಿದ್ಧವಾಗಿದೆ" ಎಂದೆ. ಬೆಂಚಿನಲ್ಲಿ ಯಾರೂ ಮಿಸುಕಲಿಲ್ಲ.

"ಯಾರರ ಎದ್ರೇನವ್ವಾ?" ಎಂದು ಅಮರಪ್ಪನವರು ಕೇಳಿದರು.

"ಇಲ್ರಿ."

"ಮನ್ಯಾಗ ನಿಮ್ಮವ್ವನ್ನ ಉಣ್ಣಾಕ ಹೆಂಗ ಕರೀತಿದ್ದಿ? ಮಾತೆಯವರ ಗಮನಕ್ಕೆ, ರೊಟ್ಟಿಯು ಸಿದ್ಧವಾಗಿದೆ, ಅಂತಿದ್ದೇನು?"

ನಗು ಬಂತು, ಆದರೆ ಮೈಕಿನಲ್ಲಿ ಮತ್ತೆ ಪಾಠದ ಮಾತೇ ಬಂತು. ಮರುದಿನ ಕಾಲೇಜು ಹುಡುಗನೊಬ್ಬ ಕಿಟಕಿಯಲ್ಲಿ ಬಸ್ಸಿನ ಹೊತ್ತು ಕೇಳಿದ. ನಾನು ಹೇಳಿದ್ದನ್ನು ನನ್ನಂತೆಯೇ ಎಳೆದು ಆಡಿ ಗೆಳೆಯರನ್ನು ನಗಿಸಿದ. ನಾನು ತಲೆ ತಗ್ಗಿಸಿದೆ. ಅಮರಪ್ಪನವರು ಬೈಯಲಿಲ್ಲ. "ಚಲೋ ಎಳದಿ ತಮ್ಮಾ, ಖರೇನ ಚಲೋ ಎಳದಿ. ಒಳಗ ಬಾ, ಒಂದ್ ಬಸ್ ಕರಿ. ಒಬ್ಬ ಮುದುಕಿ ಎದ್ರೂ ಚಾ ಕುಡಿಸ್ತೀನಿ" ಎಂದರು. ಹುಡುಗ ನಿಲ್ಲದೆ ಹೋದ. ಅವರು ನನ್ನ ಕಡೆ ತಿರುಗಿ, "ನಾ ಮಾನ್ವಿಯವ. ದೇವದುರ್ಗದ ದನಿ ನಾ ಸಾಲಾ ತಂದು ಮಾತಾಡೋದು. ನಿನಗ ಅದು ಹಾಲಿನ ಕೂಡ ಬಂದದ. ಮುಚ್ಚಿಟ್ಟು ಏನ್ ಮಾಡ್ತಿ?" ಎಂದರು.

ತಿಂಗಳು ಮುಗಿಯುತ್ತ ಬಂದಾಗ ಒಂದು ಸಂಜೆ ಅವರ ಗಂಟಲು ಪೂರ್ತಿ ಕೂತಿತ್ತು. ದೇವದುರ್ಗದ ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಬೆಂಚಿನ ಮೇಲೆ ನಮ್ಮ ಕಡೆಯ ಸೀರೆ ಕಟ್ಟಿನ ಮುದುಕಿಯೊಬ್ಬಳು ಗಂಟಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದಳು. ಅಮರಪ್ಪನವರು ಮೈಕನ್ನು ನನ್ನ ಕಡೆ ತಿರುಗಿಸಿದರು. ನಾನು ಕಣ್ಣು ಮುಚ್ಚಿ, ಹೊಲದ ಬದುವಿನಲ್ಲಿ ನಿಂತು ಅವ್ವನನ್ನು ಕರೆಯುವ ಹಾಗೆ ಕರೆದೆ.

"ದೇವದುರ್ಗಾ... ಬರ್ರೆವ್ವಾ, ಬಸ್ ಹೊಂಟದ, ಬರ್ರೀ..."

ಕಣ್ಣು ತೆರೆದಾಗ ಮುದುಕಿ ನಿಂತಿದ್ದಳು. ಅವಳು ಬಸ್ಸಿಗೆ ಹೋಗದೆ ನೇರ ಕಿಟಕಿಗೆ ಬಂದಳು. "ಯಾರ ಮಗಳ ಬೇ ನೀನು? ನಮ್ಮ ಕಡ್ಯಾಕಿ ಇದ್ದಂಗ ಅದಿ" ಎಂದು ಒಂದು ಹಿಡಿ ಶೇಂಗಾ ಇಟ್ಟು ಹೋದಳು. ಅಮರಪ್ಪನವರಿಗೆ ದನಿಯಿಲ್ಲ. ತುಟಿ ಮಾತ್ರ ಆಡಿತು: ಎದ್ರು.

ಯಾರೂ ನನ್ನನ್ನು ದೂರದ ಡಿಪೋಕ್ಕೆ ಕಳಿಸಲಿಲ್ಲ. ನಿಮ್ಮ ಅಪ್ಪ ಓದಿದ್ದು, ನನ್ನ ಅತ್ತೆ ನಮ್ಮ ಮನೆಯಲ್ಲೇ ಕಣ್ಣು ಮುಚ್ಚಿದ್ದು, ಎಲ್ಲ ಆ ಒಂದು ಕರೆಯ ಮೇಲೆ.

ಅಮರಪ್ಪನವರು ಈಗ ಇಲ್ಲ. ನಾನು ಅವರನ್ನು ಕೊನೆಗೆ ಕಂಡದ್ದು ಅವರು ನಿವೃತ್ತರಾದ ದಿನ. ಕೊರಳಲ್ಲಿ ಹಾರ, ಮಡಿಲಲ್ಲಿ ಬಟ್ಟೆಯ ಚೀಲ, ಹಳ್ಳಿಯವರ ನಡುವೆ ಬೆಂಚಿನ ಮೇಲೆ ಕೂತಿದ್ದರು. ಮಾನ್ವಿಯ ಬಸ್ಸು ಬಂದು ನಿಂತರೂ ಏಳಲಿಲ್ಲ.

"ಬರ್ರಿ ಅಮರಪ್ಪಾರ, ಸೀಟ್ ಹಿಡದೀನಿ" ಎಂದ ಕಂಡಕ್ಟರ್.

"ಇನ್ನಾ ಕರದಿಲ್ಲಪಾ" ಎಂದರು ಅವರು.

ಮಾನ್ವಿಯ ಬಸ್ಸನ್ನು ನಾನು ಎಂದೂ ಕರೆದವಳಲ್ಲ, ಅದು ಅವರ ಪಾಲು. ಅವರಂತೆ ಗದರಿಸುವುದು ನನಗೆ ಬಾರದು. ಆದರೂ ಸೆರಗಿನಿಂದ ಕಣ್ಣೊರೆಸಿಕೊಂಡು ಮೈಕು ಹಿಡಿದೆ. "ಮಾನ್ವಿ, ಮಾನ್ವಿ. ಏಳ್ರಿ, ಎಷ್ಟೊತ್ತು ಕುಂದರ್ತೀರಿ?"

ಬೆಂಚಿನವರೆಲ್ಲ ನಕ್ಕರು. ಅಮರಪ್ಪನವರು ಹೆಗಲಿನ ಟವೆಲು ಸರಿಪಡಿಸಿಕೊಂಡು, ಚೀಲ ಎತ್ತಿಕೊಂಡು ನಿಂತರು.

"ಎದ್ರು" ಎಂದೆ, ನನಗಷ್ಟೇ ಕೇಳುವಂತೆ. ಮೈಕು ಆರಿಸಿರಲಿಲ್ಲ. ಇಡೀ ನಿಲ್ದಾಣಕ್ಕೆ ಕೇಳಿಸಿತು. ಅವರು ತಿರುಗಿ ನೋಡಲಿಲ್ಲ; ಜೇಬಿನಿಂದ ಒಂದು ಲವಂಗ ತೆಗೆದು ಬಾಯಿಗೆ ಹಾಕಿಕೊಂಡು ಬಸ್ಸು ಹತ್ತಿದರು.