ಕಮಲಾಪುರದಿಂದ ಕರಡಿಗೊಂದು ನಡಿಗೆ

ಬೆಳಿಗ್ಗೆ ಏಳೂವರೆಗೆ ಕಲಬುರಗಿಯಲ್ಲಿ ಹುಮನಾಬಾದ್ ಬಸ್ಸು ಹತ್ತಿದೆವು. ನಾನು, ಮದುವೆ ವಿಡಿಯೋ ತೆಗೆಯುವ ಮಹಿಬೂಬ್ ಭಾಯ್, ಅವರ ತೊಡೆಯ ಮೇಲೆ ಮದುಮಗಳಂತೆ ಕೂತ ಕ್ಯಾಮೆರಾ. ಕಂಡಕ್ಟರನ ಹಾಗೇ ಧ್ವನಿ ತೆಗೆದು "ಮುಂದ ಸರೀರಿ" ಎಂದು ನಾಲ್ವರನ್ನು ಸರಿಸಿ ಸೀಟು ಗಿಟ್ಟಿಸಿದೆ. ನಿಜವಾದ ಕಂಡಕ್ಟರು ಮಾತ್ರ ಟಿಕೆಟ್ಟಿನಲ್ಲಿ ಒಂದು ರೂಪಾಯಿಯೂ ಬಿಡಲಿಲ್ಲ.

ಹೊರಟಿದ್ದು ಒಂದು ಕರಡಿಗಾಗಿ. ನಾನು ಕೆಲಸಕ್ಕಿದ್ದ ಕಾರ್ಟೂನ್ ಸ್ಟುಡಿಯೋದಲ್ಲಿ, ಹಣ್ಣಿನ ಬುಟ್ಟಿ ಹೊತ್ತು ನಡೆಯುವ ಹೆಣ್ಣು ಕರಡಿಯನ್ನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದೆ. "ನಿನ್ನ ಕರಡಿ ನಡಿಯಾಕತ್ತಿಲ್ಲ, ತೇಲಾಕತ್ತದ," ಎಂದಿದ್ದರು ಯಜಮಾನರಾದ ಕುಲಕರ್ಣಿ ಸರ್. ನಾಳೆ ಸಂಜೆಗೂ ತೇಲಿದರೆ ಕರಡಿ ಬೇರೆಯವರ ಪಾಲು. ನನಗೆ ಕಾರ್ಟೂನಿನ ನಾಯಿ, ಕೋಳಿಗಳಿಗೆ ಧ್ವನಿ ಕೊಡುವ ಹಳೆಯ ಕೆಲಸವೇ ಗಟ್ಟಿ.

ಮೂವತ್ತೈದು ಕಿಲೋಮೀಟರ್ ದೂರದ ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಶಾಂತಾ ಕಾಕಿ ಕೆಂಪು ಬಾಳೆಹಣ್ಣು ಹೊತ್ತು ಮಾರುತ್ತಾಳೆ. ಕರಿ ಬಟ್ಟೆ ತೊಟ್ಟು, ಭುಜ, ಸೊಂಟ, ಮೊಣಕಾಲಿಗೆ ಬಿಳಿ ಪಟ್ಟಿ ಅಂಟಿಸಿಕೊಂಡು ಅವಳು ನಡೆದರೆ, ವಿಡಿಯೋದಲ್ಲಿ ಚುಕ್ಕೆಗಳಂತೆ ಕಾಣುವ ಆ ಪಟ್ಟಿಗಳು ಹೋದಲ್ಲೆಲ್ಲ ಕರಡಿಯ ಕೀಲು ಕೂರಿಸುವುದು ನನ್ನ ಉಪಾಯ. ಕಾಕಿ ಪಟ್ಟಿ ನೋಡಿಯೇ ಒಲ್ಲೆ ಎಂದಳು. ಊರವರನ್ನೆಲ್ಲ ಅಣಕಿಸುವ ನಾನಿರಲು ಚಿಂತೆಯೇನು? ನಾನೇ ಪಟ್ಟಿ ಅಂಟಿಸಿಕೊಂಡು, ಅವಳ ಖಾಲಿ ಬುಟ್ಟಿ ಹೊತ್ತು, ಸೊಂಟ ತಿರುವುತ್ತ ನಡೆದೆ. ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ನಕ್ಕಿತು.

ಕಾಕಿ ನಗಲಿಲ್ಲ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿ, "ಬುಟ್ಟಿ ಖಾಲಿ ಅದ," ಎಂದಳು.

"ಬುಟ್ಟಿ ಯಾರ್ ನೋಡ್ತಾರ ಕಾಕಿ? ಚುಕ್ಕಿ ಅಷ್ಟೇ ಬೇಕು."

"ನಿನ್ನ ಮೊಣಕಾಲಿಗೆ ಗೊತ್ತದಲ್ಲೋ. ಅದು ಎಲ್ಲಾರ ಮುಂದ ಹೇಳಾಕತ್ತದ."

ಮುಖವೂ ಕಾಣದ, ಧ್ವನಿಯೂ ಕೇಳದ ಚುಕ್ಕೆಗಳಲ್ಲಿ ನಾನು ಬಂಡವಾಳವಿಲ್ಲದ ಅಂಗಡಿ. ಕಾಕಿ ಬುಟ್ಟಿಗೆ ಹಣ್ಣು ತುಂಬಿ ನನ್ನ ತಲೆಗೇರಿಸಿದಳು. ಕುತ್ತಿಗೆ ಕಂಬವಾಯಿತು, ಸೊಂಟದ ಶೋಕಿ ತಾನೇ ಇಳಿಯಿತು. ಕಣ್ಣು ದೂರ ಇಡು, ಹೆಜ್ಜೆ ಸಣ್ಣದಿಡು ಎನ್ನುತ್ತ ಅವಳು ಪಕ್ಕದಲ್ಲೇ ನಡೆದಳು. ಮೂರನೆಯ ಸುತ್ತಿಗೆ ಯಾರೂ ನಗಲಿಲ್ಲ. ಒಬ್ಬ ಮುದುಕ ದಾರಿ ಬಿಟ್ಟು ನಿಂತ.

ರೊಟ್ಟಿ, ಪುಂಡಿಪಲ್ಯ ಉಂಡು ಮೂರರ ಬಸ್ಸಿಗೆ ಮರಳಿದೆವು. ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊತ್ತ ಹಮಾಲರ ಮುಖ ಬಿಟ್ಟು ಮೊಣಕಾಲು ನೋಡುತ್ತ ನಡೆದೆ.

ಮರುದಿನ ಸಂಜೆ ಪರದೆಯ ಮೇಲೆ ಕರಡಿ ನಡೆಯಿತು. ನನ್ನ ಕುತ್ತಿಗೆ ಇನ್ನೂ ಹೊರಳುತ್ತಿರಲಿಲ್ಲ. ಕುಲಕರ್ಣಿ ಸರ್ ಮೂರು ಸಲ ನೋಡಿ, ಕನ್ನಡಕ ತೆಗೆದರು.

"ಎಷ್ಟು ಕಿಲೋ ಅದನೋ ಅದರ ತಲಿ ಮ್ಯಾಲ?"

ಬುಟ್ಟಿಯನ್ನು ನಾನಿನ್ನೂ ಬರೆದೇ ಇರಲಿಲ್ಲ.